ಕಲ್ಲುಕೊಪ್ಪಲಿನ ಹೊಂಗೆಮರ

ಹಳ್ಳಿ ಕ್ರಿಕೆಟ್ ತಂಡಗಳಿಗೆಂದೇ ದೇಶಕ್ಕೆಲ್ಲ ಒಂದು ನಾಕೌಟ್ ಪಂದ್ಯಾವಳಿ. ಸೋತವರು ಸೀದಾ ಮನೆಗೆ. ಕಲ್ಲುಕೊಪ್ಪಲಿನವರು ಹೇಗೋ ಮೂರನೇ ಸುತ್ತು ಮುಟ್ಟಿದ್ದರು. ಊರೂರು ತಿರುಗಿ ಪಂದ್ಯ ನಡೆಸುವ ಪ್ರಾಣೇಶರಾಯರು ಮೈದಾನಕ್ಕೆ ಬಂದವರೇ ಮುಖ ಗಂಟಿಕ್ಕಿದರು. ಬೌಂಡರಿಯೊಳಗೆ ಒಂದು ಹೊಂಗೆಮರ ನಿಂತಿತ್ತು.

“ಚೆಂಡು ತಡೆಯೋ ಮರ ಅಂದ್ರೆ ಫೀಲ್ಡರೇ. ತಂಡಕ್ಕೆ ಹನ್ನೊಂದು ಅಂದ್ರೆ ಹನ್ನೊಂದು. ಒಬ್ಬ ಹೆಚ್ಚಾದ್ರೂ ಮನೆಗೆ, ಕಮ್ಮಿಯಾದ್ರೂ ಮನೆಗೆ.”

ನಾಯಕ ಜವರಪ್ಪ, ಹಿಟ್ಟಿನ ಗಿರಣಿಯವನು, ಬೆವರಿದ. ಅವನ ಚಿಂತೆಯೇ ಬೇರೆ. ಮದುವೆ ಊಟಕ್ಕೆ ಹೋದ ವಿಕೆಟ್ ಕೀಪರ್ ಇನ್ನೂ ಬಂದಿರಲಿಲ್ಲ. ಇದ್ದವರು ಹತ್ತೇ ಜನ.

“ಮರ ಫೀಲ್ಡರ್ ಅಂತ ನೀವೇ ಅಂದ್ರಲ್ವಾ ಸಾರ್?”

“ನೂರು ಸಲ ಅಂತೀನಿ.”

“ಹಂಗಾದ್ರೆ ಬರ್ಕೊಳ್ಳಿ. ನಾವು ಹತ್ತು ಜನ, ಅವನೊಬ್ಬ.”

ರಾಯರು ತಲೆ ಎಣಿಸಿದರು. ಕೊನೆಗೆ ಕೇಳಿದರು, “ಬ್ಯಾಟಿಂಗ್ ಬಂದಾಗ ಓಡ್ತಾನೇನಯ್ಯಾ?”

“ನಮ್ಮ ಕಡೇ ಬ್ಯಾಟ್ಸ್‌ಮನ್ ಯಾವತ್ತು ಓಡಿದ್ದಾನೆ ಸಾರ್?”

ರಾಯರಿಗೆ ನಗು ತಡೆಯಲಾಗಲಿಲ್ಲ. ಆಟ ಶುರುವಾಯಿತು. ಬಿಸಿಲು ನೆತ್ತಿಗೇರಿದಾಗ ಅವರು ಮೆಲ್ಲಗೆ ಕುರ್ಚಿ ಎತ್ತಿಕೊಂಡು ಹೊಂಗೆಯ ನೆರಳಿಗೆ ನಡೆದು, ಬುಡಕ್ಕೆ ಬೆನ್ನು ಕೊಟ್ಟರು.

ಪಿಚ್ಚಿನಿಂದಲೇ ಜವರಪ್ಪ ಕೂಗಿದ, “ಸಾರ್, ಆಟ ನಡೀವಾಗ ನಮ್ಮ ಆಟಗಾರನಿಗೆ ಒರಗಬೇಡಿ.”