ಎಡಕ್ಕೆ ಬಿದ್ದ ಹೂ

"ಕೇಳ್ರಪ್ಪೋ ಕೇಳ್ರಿ. ಕಣಿವೆಕೋಟೆಯ ದೊರೆ ಸೋಮನಾಯಕರ ಅಪ್ಪಣೆ. ಅಮ್ಮಣ್ಣಿ ಹೊನ್ನಾಜಿಯವರು ಮೂರು ಒಗಟು ಕೇಳುತ್ತಾರೆ. ಮೂರನ್ನೂ ಬಿಡಿಸಿದವನಿಗೆ ಅಮ್ಮಣ್ಣಿಯವರನ್ನು ಕೊಟ್ಟು ಮದುವೆ. ತಪ್ಪಿದವನಿಗೆ ಅಮಾವಾಸ್ಯೆಯ ದಿನ ತಲೆದಂಡ. ಅಷ್ಟರೊಳಗೆ ಒಬ್ಬ ಗೆದ್ದರೆ ಸೋತವರ ತಲೆಯೂ ಉಳಿಯುತ್ತದೆ."

ಡಂಗುರದವನು ಹೀಗೆ ಊರೂರಿಗೆ ಸಾರಿದ. ಒಗಟು ಮಗಳದು, ತಲೆದಂಡ ಅಪ್ಪನದು, ಆ ಕೊನೆಯ ಮಾತು ಮತ್ತೆ ಮಗಳದು. ಅವರಿಬ್ಬರ ನಡುವೆ ಮಾತುಕತೆ ಅಷ್ಟಕ್ಕಷ್ಟೆ. ಹಿರಿಯ ಮಗಳು ಚೆಲುವಾಜಿ ಕೊಟ್ಟ ಮನೆಯಲ್ಲಿ ಕೊರಗಿ ಕೊರಗಿ ಸತ್ತಿದ್ದಳು. ತನಗೂ ಅದೇ ಗತಿ ಎಂದು ಹೊನ್ನಾಜಿ ಹೆದರಿದ್ದಳು, ಪಾಪ.

ರಾಜಕುಮಾರಿ ಅಂದರೆ ಕೇಳಬೇಕೆ, ಗಂಡುಗಳು ನಾ ಮುಂದು ತಾ ಮುಂದು ಅಂತ ಬಂದರು. ಮೊದಲು ಬಂದವನು ಪಕ್ಕದ ಸೀಮೆಯ ಯುವರಾಜ. ಹೊನ್ನಾಜಿ ಕೇಳಿದಳು: "ಒಬ್ಬ ಪ್ರಯಾಣಿಕ ಇದ್ದಾನೆ. ದಾರಿ ಗೊತ್ತಿಲ್ಲ, ಹೋಗುವ ಊರಿನ ಹೆಸರೂ ಗೊತ್ತಿಲ್ಲ. ಅರ್ಧ ದಾರಿ ನಿದ್ದೆಯಲ್ಲೇ ಕಳೆಯುತ್ತಾನೆ. ಆದರೂ ದಾರಿ ತಪ್ಪುವುದಿಲ್ಲ. ಯಾರವನು?" ಯುವರಾಜ ಮೀಸೆ ತಿರುವಿ "ಮೋಡ" ಎಂದ. ನೇರ ಸೆರೆಮನೆಗೆ ಹೋದ.

ಆಮೇಲೆ ಬಂದ ಸಾಹುಕಾರನ ಮಗ ಅದನ್ನೇನೋ ಬಿಡಿಸಿದ, ಎರಡನೆಯದಕ್ಕೆ ಸಿಕ್ಕಿಬಿದ್ದ. "ಮಣ್ಣಲ್ಲಿ ಒಂದನ್ನು ಮುಚ್ಚಿಟ್ಟೆ. ಇದೆಯೋ ಇಲ್ಲವೋ ಅಂತ ದಿನಾ ಅಗೆದು ನೋಡಿದರೆ ಹಾಳಾಗುತ್ತದೆ. ನಂಬಿ ಬಿಟ್ಟರೆ ನೂರಾಗಿ ಬರುತ್ತದೆ. ಏನದು?" ಸಾಹುಕಾರನ ಮಗನಿಗೆ ಇನ್ನೇನು ಹೊಳೆದೀತು? "ನಿಧಿ" ಎಂದ. ಸೇನಾಪತಿಯ ಮಗ ಮಾತ್ರ ಮೂರನೆಯದರವರೆಗೂ ಬಂದ. ಆಗ ಹೊನ್ನಾಜಿಯ ದನಿ ಸಣ್ಣಗಾಯಿತು. "ಒಬ್ಬ ತಂದೆ ಗುಡಿಗೆ ಹೋಗಿ ದೇವರ ಮುಂದೆ ಕೈಮುಗಿದ. ದೇವರು ಉತ್ತರ ಕೊಟ್ಟಿತು. ಅವನು ಆ ಉತ್ತರವನ್ನು ಅಲ್ಲೇ ಬಿಟ್ಟು ಬಂದ. ಹಾಗಾದರೆ ಮನೆಗೆ ತಂದದ್ದೇನು?" "ಪ್ರಸಾದ" ಎಂದ ಅವನು. ಅವನೂ ಒಳಗೆ ಹೋದ.

ಅಮಾವಾಸ್ಯೆ ಹತ್ತಿರ ಬಂತು. ಸೆರೆಯಲ್ಲಿದ್ದವರ ತಾಯಂದಿರು ಕೋಟೆ ಬಾಗಿಲಲ್ಲಿ ಅಳುತ್ತ ಕೂತಿದ್ದರು. ಆ ಹೊತ್ತಿಗೆ ಕಂಬಳಿ ಹೊದ್ದ ಒಬ್ಬ ಹುಡುಗ ಒಳಗೆ ಬಂದ. ಕುರಿ ಕಾಯುವ ಬೊಮ್ಮ. ಸಭೆ ಮುಸಿಮುಸಿ ನಕ್ಕಿತು.

"ಏನಯ್ಯಾ, ತಲೆ ಭಾರವಾಯಿತೇ?" ಎಂದ ದೊರೆ.

"ಇಲ್ಲ ಬುದ್ಧಿ. ಒಗಟುಗಳು ನಮ್ಮೂರಿಗೂ ಬಂದವು. ಮೊದಲನೆಯದು ತಾಯಿಯ ಕಂಕುಳಲ್ಲಿರೋ ಕೂಸು. ಅದಕ್ಕೆ ದಾರಿಯ ಚಿಂತೆ ಯಾಕೆ, ಹೊತ್ತವಳಿಗೆ ಗೊತ್ತಲ್ಲ. ಎರಡನೆಯದು ಬಿತ್ತಿದ ಬೀಜ."

ಹೊನ್ನಾಜಿ ತಲೆಯೆತ್ತಿ ನೋಡಿದಳು. "ಮೂರನೆಯದು?"

"ಅದು ಗೊತ್ತಿಲ್ಲದೆಯೇ ಬಂದೆ ಅಮ್ಮಣ್ಣಿ."

"ಗೊತ್ತಿಲ್ಲದೆ ಯಾಕೆ ಬಂದೆ? ಹೆತ್ತವಳು ಇಲ್ಲವೇ ನಿನಗೆ?"

"ಇದ್ದಾಳೆ. ಸೆರೆಯಲ್ಲಿದ್ದೋರಿಗೂ ಇದ್ದಾರಲ್ಲ, ಅದೇ ಸಂಕಟ ಆಯಿತು. ಹೋಗೋದೋ ಬೇಡವೋ ತಿಳೀಲಿಲ್ಲ. ನಮ್ಮೂರ ಅಮ್ಮನವರ ಗುಡಿಯಲ್ಲಿ ಹೂ ಕೇಳಿದೆ. ಅಮ್ಮನ ಮೈಮೇಲೆ ಒದ್ದೆ ಹೂ ಇಡ್ತಾರಲ್ಲ, ಬಲಕ್ಕೆ ಬಿದ್ದರೆ ಹೂಂ, ಎಡಕ್ಕೆ ಬಿದ್ದರೆ ಬೇಡ. ನಿಜ ಹೇಳ್ತೀನಿ, ಎಡಕ್ಕೇ ಬೀಳಲಿ ಅಂತ ಬೇಡಿಕೊಂಡಿದ್ದೆ, ನನಗೂ ಜೀವದ ಆಸೆ. ಬಲಕ್ಕೆ ಬಿತ್ತು. ಇನ್ನೊಂದು ಸಲ ಇಡಿ ಪೂಜಾರಪ್ಪ ಅನ್ನೋ ಮಾತು ತುದಿನಾಲಿಗೆಗೆ ಬಂತು. ಎಡಕ್ಕೆ ಬೀಳೋವರೆಗೂ ಇಡಿಸಿ, ಅಮ್ಮನೇ ಬೇಡ ಅಂದಳು ಅಂತ ಮನೆಗೆ ಹೋಗಬಹುದಿತ್ತು..."

ಹಾಗೆನ್ನುತ್ತಲೇ ಬೊಮ್ಮನಿಗೆ ಏನೋ ಹೊಳೆಯಿತು. ಆಮೇಲೆ ಮೆಲ್ಲಗೆ ಹೇಳಿದ: "ಅಮ್ಮಣ್ಣಿ, ಆ ತಂದೆ ಹೋಗುವಾಗ ಒಯ್ದದ್ದನ್ನೇ ವಾಪಸ್ ತಂದ. ತನ್ನ ಆಸೆಯನ್ನೇ. ಅದಕ್ಕೆ ದೇವರ ಹೆಸರಿಟ್ಟುಕೊಂಡು ತಂದ."

ಹೊನ್ನಾಜಿ ಹೌದೆಂದು ತಲೆಯಾಡಿಸಿದಳು. ದೊರೆಯೇ ಗದ್ದುಗೆಯಿಂದ ಎದ್ದು ಬಂದ. "ಆ ತಂದೆ ನಾನು," ಎಂದ. "ಚೆಲುವಾಜಿಯ ಮದುವೆಗೆ ಹೂ ಕೇಳಿದಾಗ ಎಡಕ್ಕೆ ಬಿತ್ತು. ದೊಡ್ಡ ಮನೆತನ, ಮಾತು ಕೊಟ್ಟುಬಿಟ್ಟಿದ್ದೆ. ಬಲಕ್ಕೆ ಬೀಳುವವರೆಗೂ ಇಡಿಸಿದೆ. ಹೊನ್ನಾಜಿ, ನೀನು ಪಕ್ಕದಲ್ಲೇ ಇದ್ದೆ. ಸಣ್ಣವಳು, ನಿನಗೆಲ್ಲಿ ತಿಳಿಯುತ್ತದೆ ಅಂದುಕೊಂಡೆ."

"ತಿಳಿದಿತ್ತು ಅಪ್ಪಾಜಿ. ಅಕ್ಕನಿಗೂ ತಿಳಿದಿತ್ತು."

ಆ ಮಾತಿಗೆ ದೊರೆ ಕುಸಿದು ಕೂತ. ಬೊಮ್ಮ ಬಗ್ಗಿ ಅವನ ಭುಜ ಹಿಡಿದುಕೊಂಡ.

ಸೆರೆಮನೆಯ ಬಾಗಿಲು ತೆರೆಯಿತು. ಬೆಟ್ಟದ ತಪ್ಪಲಿನ ಹುಲ್ಲುಗಾವಲೆಲ್ಲ ಬೊಮ್ಮನಿಗೆ ಉಂಬಳಿಯಾಯಿತು. "ಇವನು ನಿನಗೆ ಒಪ್ಪಿಗೆಯೇನವ್ವಾ?" ಎಂದು ಅಪ್ಪ ಮೊದಲ ಬಾರಿ ಮಗಳನ್ನು ಕೇಳಿದ. "ತನ್ನ ಹೆದರಿಕೆಯನ್ನೂ ಮುಚ್ಚಿಡಲು ಬಾರದವನು. ಒಪ್ಪಿಗೆ," ಎಂದಳು. ದೊರೆಗೆ ಹಿಗ್ಗು ತಡೆಯಲಾಗಲಿಲ್ಲ. ಬರುವ ಸೋಮವಾರವೇ ಧಾರೆ ಎಂದು ಹೊರಟ. ಕೋಟೆಯ ಗುಡಿಯಲ್ಲಿ ಹೂ ಇಟ್ಟರು. ಎಲ್ಲರೂ ಉಸಿರು ಬಿಗಿಹಿಡಿದು ನೋಡುತ್ತಿದ್ದ ಹಾಗೆ ಹೂ ಎಡಕ್ಕೆ ಬಿತ್ತು.

ಪೂಜಾರಿ ಹಳೆಯ ರೂಢಿಯಂತೆ ಇನ್ನೊಂದು ಹೂವನ್ನು ನೀರಿಗೆ ಅದ್ದಿದ. ದೊರೆ ಅವನ ಕೈ ಹಿಡಿದ.

"ಬೇಡ. ಅಮ್ಮ ಹೇಳಿ ಆಯಿತಲ್ಲ. ಈ ಸೋಮವಾರ ಬೇಡ. ಅವಳು ಹೂಂ ಅನ್ನುವವರೆಗೂ ಕಾಯೋಣ."

"ಹಾಗೇ ಆಗಲಿ ಬುದ್ಧಿ. ಅಷ್ಟರಲ್ಲಿ ಅವ್ವನಿಗೆ ಬದುಕಿದ್ದೀನಿ ಅಂತ ಹೇಳಿ ಬರ್ತೀನಿ," ಎಂದು ಬೊಮ್ಮ ಕಂಬಳಿ ಕೊಡವಿದ.

ಕಾದರು. ರಾಗಿ ಕೊಯ್ಲು ಮುಗಿದ ಮೇಲೆ ಮತ್ತೆ ಕೇಳಿದಾಗ ಹೂ ಬಲಕ್ಕೆ ಬಿತ್ತು. ಮದುವೆಯ ಊಟಕ್ಕೆ ಸೋತ ಗಂಡುಗಳೂ ಬಂದರು. ತಲೆ ಉಳಿದದ್ದು ಸಾಲದೆ ಹೋಳಿಗೆಯೂ ಸಿಕ್ಕಿತು ಅವರಿಗೆ. ಧಾರೆ ಎರೆಯುವಾಗ ದೊರೆ ಮಗಳ ಕೈ ಹಿಡಿದುಕೊಂಡ.

"ಚೆಲುವಾಜಿ ಇರಬೇಕಿತ್ತು," ಎಂದ.

"ಹೌದು ಅಪ್ಪಾಜಿ," ಎಂದಳು ಹೊನ್ನಾಜಿ. ಧಾರೆ ಮುಗಿದ ಮೇಲೂ ಅವಳು ಅಪ್ಪನ ಕೈ ಬಿಡಲಿಲ್ಲ.