ಕಾಲು ತೊಳೆಯಲು ನಿಂತ ಕಡಲು

ಲೋಕ ಇನ್ನೂ ಹೊಸದು. ಗುಡ್ಡಗಳ ಮೈ ಹಸಿಹಸಿ. ಹೊಳೆಗಳಿಗೆ ತಮ್ಮ ದಾರಿ ಇನ್ನೂ ಬಾಯಿಪಾಠ ಆಗಿರಲಿಲ್ಲ. ಆ ಕಾಲದಲ್ಲಿ ಕಡಲು ಈಗಿನ ಹಾಗೆ ದಡ ಹತ್ತುತ್ತಲೂ ಇರಲಿಲ್ಲ, ಇಳಿಯುತ್ತಲೂ ಇರಲಿಲ್ಲ. ಹಾಸಿಕೊಟ್ಟ ಜಾಗದಲ್ಲಿ ಬಿದ್ದುಕೊಂಡಿರುತ್ತಿತ್ತು, ಅಷ್ಟೇ.

ಬಿದ್ದುಕೊಂಡಿತ್ತು ಅಂದೆ, ನಿದ್ದೆ ಮಾಡಿತ್ತು ಅನ್ನಲಿಲ್ಲ. ಕಡಲರಾಯನಿಗೆ ಎಲ್ಲಿಯ ನಿದ್ದೆ! ಈ ಮಗ್ಗುಲಿಗೆ ಹೊರಳಿದ, ಆ ಮಗ್ಗುಲಿಗೆ ಹೊರಳಿದ, ನಿಟ್ಟುಸಿರು ಬಿಟ್ಟ, ಮತ್ತೆ ಹೊರಳಿದ.

ಅವನ ದಡಕ್ಕೆ ದಿನಾ ಜನ ಬರುತ್ತಿದ್ದರು. ಗುಡ್ಡ ಇಳಿದು, ಬುತ್ತಿ ಕಟ್ಟಿಕೊಂಡು, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬರುತ್ತಿದ್ದರು. ಕಡಲನ್ನು ನೋಡಿ "ಅಬ್ಬಬ್ಬಾ!" ಅನ್ನುತ್ತಿದ್ದರು. ಚಿಪ್ಪು ಹೆಕ್ಕುತ್ತಿದ್ದರು. ಸಂಜೆಯಾದರೆ ಬೆನ್ನು ತಿರುಗಿಸಿ ಹೋಗುತ್ತಿದ್ದರು.

"ಎಲ್ಲರೂ ನನ್ನನ್ನು ನೋಡಲು ಬರುತ್ತಾರೆ. ನಮ್ಮೂರಿಗೂ ಬಾ ಅಂತ ಒಬ್ಬರಾದರೂ ಕರೆದರಾ?" ಅಂತ ಕಡಲರಾಯ ಗೊಣಗುತ್ತಿದ್ದ.

ಗೊಣಗು ಕೇಳಿ ಸುಮ್ಮನಿರುವವಳಲ್ಲ ಹೊಳೆಯಮ್ಮ. ದಿನಾ ಅವನನ್ನು ಬಂದು ಸೇರುವವಳು, ಬಾಯಿಗೆ ಬೀಗವಿಲ್ಲದವಳು.

"ಮೇಲೆ ಒಂದು ಅಬ್ಬಿ ಇದೆ ಮಾರಾಯಾ! ಬಂಡೆಯ ತುದಿಯಿಂದ ದುಡುಮ್ಮನೆ ಹಾರುತ್ತೇನೆ. ಆಹಾ, ಹೊಟ್ಟೆಯೊಳಗೆಲ್ಲ ಕಚಗುಳಿ! ನೀನು ಇಷ್ಟು ದೊಡ್ಡವನು, ಒಮ್ಮೆಯಾದರೂ ಬಿದ್ದು ನೋಡಿದ್ದೀಯಾ?"

"ಇಲ್ಲ," ಅಂದ ಕಡಲರಾಯ, ಸಣ್ಣ ದನಿಯಲ್ಲಿ.

"ಅಬ್ಬಿ ನೋಡದವನು ಎಂತದು ನೋಡಿದ ಹಾಗಾಯ್ತು!" ಅಂತ ಗಾಳಿ ನಡುವೆ ಬಾಯಿ ಹಾಕಿತು. ಉರಿಯುವ ಬೆಂಕಿಗೆ ತುಪ್ಪ ಸುರಿಯುವುದರಲ್ಲಿ ಗಾಳಿಯದು ಎತ್ತಿದ ಕೈ.

ಹೊಳೆ ಕಡಲು ಸೇರುವಲ್ಲಿ ಮಂಕಾಳಿ ಅಂತ ಒಬ್ಬಳಿದ್ದಳು. ಆ ದಡದಿಂದ ಈ ದಡಕ್ಕೆ ದೋಣಿ ದಾಟಿಸುವವಳು. ಅವಳ ಒಬ್ಬಳೇ ಮಗಳು ಸಾತುವನ್ನು ಕೊಟ್ಟದ್ದು ಮೇಲೆ, ಅಬ್ಬಿಯ ಕೆಳಗಿನ ಊರಿಗೆ. ಸಾತುವಿನ ಚೊಚ್ಚಲ ಹೆರಿಗೆ ತವರಿನಲ್ಲಿ ಆಗಿತ್ತು. ಎರಡನೆಯದು ಗಂಡನ ಮನೆಯಲ್ಲೇ ಅಂತ ಮಾತಾಗಿತ್ತು.

ಒಂದು ಬೆಳಿಗ್ಗೆ ಹೊಳೆಯಮ್ಮ ಏದುಸಿರು ಬಿಡುತ್ತಾ ಬಂದಳು. "ಮಂಕಾಳೀ, ಸಾತು ಹೆತ್ತಳು! ಹೆಣ್ಣು ಕೂಸು!"

ಅಷ್ಟೇ ಸಾಕು. ಮಂಕಾಳಿ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಬಾಣಂತಿಗೆ ಬೆಲ್ಲ, ಶುಂಠಿ, ಮೆಣಸಿನಕಾಳು ಕಟ್ಟಿಕೊಂಡಳು. ಕೂಸಿಗೆ ಹಳೇ ಸೀರೆಯ ಮೆತ್ತನೆ ಬಟ್ಟೆ ಮಡಚಿಟ್ಟಳು. ದೋಣಿ ಹತ್ತಿ ಹುಟ್ಟು ಹಾಕಿದಳು.

ಆದರೆ ಹೊಳೆ ಇಳಿಯುವುದು ಕೆಳಕ್ಕೆ, ಮಂಕಾಳಿ ಹೋಗಬೇಕಾದದ್ದು ಮೇಲಕ್ಕೆ. ಹುಟ್ಟು ಹಾಕಿದಳು, ಹಾಕಿದಳು, ಹಾಕಿದಳು. ತಲೆ ಎತ್ತಿದರೆ ದಡದ ಅದೇ ಕೇದಗೆ ಮೆಳೆ!

"ಕಡಲಪ್ಪಾ," ಅಂತ ಕೂಗಿದಳು, "ನನ್ನ ತೋಳು ಬಿದ್ದುಹೋಯ್ತು. ಹಿಂದಿನಿಂದ ಒಂಚೂರು ದಬ್ಬು ಮಾರಾಯಾ!"

ಕಡಲರಾಯ ದಡಬಡಿಸಿ ಎದ್ದ. "ಅಂದರೆ ನಾನೂ ಬರಲಾ? ನೀನು ಕರೀತಿದ್ದೀಯಾ?"

"ಬಾ, ಬಾ, ಬೇಗ ಬಾ!"

ದೋಣಿಯವಳು ನೀರಿಗೆ ಆ ಮಾತು ಹೇಳಬಾರದಿತ್ತು. ಕೂಸಿನ ಮುಖ ಕಾಣುವ ಆತುರ, ಹೇಳಿಬಿಟ್ಟಳು.

ಕಡಲರಾಯ ಹೊಳೆಯೊಳಗೆ ನುಗ್ಗಿದ. ದೋಣಿ ಬಾಣದ ಹಾಗೆ ಮೇಲಕ್ಕೆ ಹೋಯಿತು. "ಹೋಯ್, ಮೆತ್ತಗೆ!" ಅಂತ ಹೊಳೆಯಮ್ಮ ದಡಕ್ಕೆ ಒತ್ತಿಕೊಂಡು ದಾರಿ ಬಿಟ್ಟಳು. ಮಂಕಾಳಿಗೆ ನಗುವೋ ನಗು.

ಮೊದಲು ಕುಂಬಾರರ ಊರು ಬಂತು. "ಇದು ಎಂತದು? ಅದು ಎಂತದು?" ಅಂತ ಕಡಲರಾಯ ದಡಕ್ಕೆ ಇಣುಕಿದ. ಒಣಗಲು ಇಟ್ಟ ಹಸಿ ಮಡಕೆಗಳೆಲ್ಲ ಕರಗಿ ಮಣ್ಣಾದವು. ಆಮೇಲೆ ಪೇಟೆ ಬಂತು. ಅವತ್ತು ಸಂತೆ. ಒಬ್ಬಳು ಉಪ್ಪಿನ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. "ಓ, ಇದು ನಮ್ಮದೇ!" ಅಂತ ಕಡಲರಾಯ ಕೈ ಚಾಚಿದ. ಬುಟ್ಟಿ ಉಳಿಯಿತು, ಉಪ್ಪು ಉಳಿಯಲಿಲ್ಲ. ಆ ಹೆಂಗಸಿನ ಬೈಗುಳವನ್ನು ಮಕ್ಕಳ ಮುಂದೆ ಹೇಳುವ ಹಾಗಿಲ್ಲ.

ಮಂಕಾಳಿ ಇನ್ನೂ ನಗುತ್ತಲೇ ಇದ್ದಳು. ಅಷ್ಟರಲ್ಲಿ ಹಿಂದಿನಿಂದ ಕೂಗು ಕೇಳಿತು. "ಅಯ್ಯೋ, ಬಾವಿ ಉಪ್ಪಾಯ್ತು!" ದಡದ ದನ ಹೊಳೆಗೆ ಬಾಯಿಟ್ಟು, ತಲೆ ಕೊಡವಿ ಹಿಂದೆ ಸರಿಯಿತು. ಗದ್ದೆಯ ಸಸಿಗಳು ನೋಡನೋಡುತ್ತ ಹಳದಿಯಾದವು.

ಮಂಕಾಳಿಯ ನಗು ಅಲ್ಲೇ ನಿಂತಿತು. ಸಾತುವಿನ ಮನೆಗೆ ಇದ್ದದ್ದು ಒಂದೇ ಬಾವಿ, ಅದೂ ಹೊಳೆಯ ದಡದಲ್ಲಿ. ಬಾಣಂತಿ ಕುಡಿಯುವುದು ಅದೇ ನೀರು, ಕೂಸಿಗೆ ಎರೆಯುವುದು ಅದೇ ನೀರು. ಅದು ಉಪ್ಪಾದರೆ ಎರಡೂ ಜೀವ ಉಳಿಯುವುದು ಹೇಗೆ?

"ಕಡಲಪ್ಪಾ, ಸಾಕು, ಹಿಂದೆ ಹೋಗು!"

"ಈಗ ತಾನೇ ಬಾ ಅಂದೆಯಲ್ಲ?"

"ನಿನ್ನ ಉಪ್ಪಿಗೆ ಊರೆಲ್ಲ ಹಾಳಾಗ್ತಾ ಇದೆ!"

"ನಾನು ಯಾರಿಗೂ ಕೇಡು ಮಾಡುವುದಿಲ್ಲ ಮಂಕಾಳಿ. ಅಬ್ಬಿ ನೋಡುತ್ತೇನೆ, ಬರುತ್ತೇನೆ. ಹುಟ್ಟಿದಾಗಿನಿಂದ ನನ್ನನ್ನು ಕರೆದವಳು ನೀನೊಬ್ಬಳೇ. ನೀನೂ ಹೋಗು ಅಂದರೆ ಹೇಗೆ?"

ಕರೆದ ಬಾಯಲ್ಲೇ ಅಟ್ಟುವುದು ಹೇಗೆ? ಅಟ್ಟದಿದ್ದರೆ ಮಗಳ ಗತಿ ಏನು? ಮಂಕಾಳಿ ಹುಟ್ಟು ಅಡ್ಡ ಹಾಕಿದಳು, ಗಳ ಊರಿದಳು, ಅತ್ತಳು. ದೋಣಿ ನಿಲ್ಲಲಿಲ್ಲ.

ಕೊನೆಯ ತಿರುವು ಬಂತು. ತಿರುವಿನಾಚೆ ಅಬ್ಬಿಯ ಸದ್ದು, ಧೋ ಅಂತ. ಈಚೆ ಸಾತುವಿನ ಮನೆ, ಅಂಗಳ, ಬಾವಿ. ಕಡಲರಾಯ ಅಂಗಳದ ಮೆಟ್ಟಿಲಿಗೆ ಕಾಲಿಟ್ಟೇಬಿಟ್ಟ.

"ನಿಲ್ಲಿ ಅಲ್ಲೇ!"

ಬಾಗಿಲಲ್ಲಿ ನಿಂತಿದ್ದವಳು ಸಾತುವಿನ ಅತ್ತೆ ಹಮ್ಮಕ್ಕ. ಕೈಯಲ್ಲಿ ತುಂಬಿದ ಚೆಂಬು. ಬಂದವರು ಅರಸನಿರಲಿ, ಆಳಿರಲಿ, ಕಾಲು ತೊಳೆಯದೆ ಅವಳ ಜಗಲಿ ಹತ್ತಿದವರಿಲ್ಲ.

"ಬನ್ನಿ, ನೆಂಟರು ಬಂದದ್ದು ಸಂತೋಷ. ಆದರೆ ಒಳಗೆ ಎಳೇ ಕೂಸಿದೆ. ಕಾಲು ತೊಳ್ಕೊಂಡು ಬನ್ನಿ."

ಕಡಲರಾಯನ ಮುಖ ಅರಳಿತು. ಅವನಿಗೂ ಒಬ್ಬರು ಚೆಂಬು ನೀರು ಕೊಟ್ಟರು! ಬಗ್ಗಿ, ಭಕ್ತಿಯಿಂದ ಕಾಲು ತೊಳೆದ.

ಅಷ್ಟರಲ್ಲಿ ಕೊಟ್ಟಿಗೆಯ ಕರು ಕುಣಿಯುತ್ತ ಬಂದು ಅವನ ಕಾಲನ್ನು ಲೊಚಲೊಚ ನೆಕ್ಕಿತು.

"ಕರು ನೆಕ್ಕಿತು ಅಂದರೆ ಇನ್ನೂ ಉಪ್ಪಿದೆ," ಅಂದಳು ಹಮ್ಮಕ್ಕ. "ಇನ್ನೊಮ್ಮೆ ತೊಳೀರಿ."

ತೊಳೆದ. ಕರು ನೆಕ್ಕಿತು. ಮತ್ತೆ ತೊಳೆದ. ಮತ್ತೆ ನೆಕ್ಕಿತು. ಚೆಂಬು ಬರಿದಾಯಿತು, ಕೊಡ ಬರಿದಾಯಿತು. ಆಗ ಹೊಳೆಯಮ್ಮ ತಾನೇ ಮುಂದೆ ಬಂದಳು. "ನಾನು ಹೊಯ್ತೇನೆ, ನೀನು ತೊಳಿ." ಅಬ್ಬಿಯಿಂದ ಇಳಿದ ತಣ್ಣನೆ ಸಿಹಿನೀರು ಅವನ ಪಾದಕ್ಕೆ ಸುರಿಯಿತು, ಸುರಿಯುತ್ತಲೇ ಹೋಯಿತು. ತಿಕ್ಕಿ ತಿಕ್ಕಿ ಬಿಳೀ ನೊರೆ ಎದ್ದಿತು. ಕರು ನೊರೆಯೊಳಗೇ ಮೂತಿ ಹಾಕಿ ನೆಕ್ಕಿತು.

ಕಡಲರಾಯನ ಕೈ ನಿಧಾನವಾಯಿತು.

"ಮಂಕಾಳೀ," ಅಂದ, "ಇದು ಕಾಲಿಗೆ ಹತ್ತಿದ ಉಪ್ಪಲ್ಲ. ನಾನೇ ಉಪ್ಪು."

ಒಳಗೆ ಕೂಸು ಅತ್ತಿತು. ಕಡಲರಾಯ ಬಾವಿಯನ್ನು ನೋಡಿದ, ತಿರುವನ್ನು ನೋಡಿದ. ಆಚೆ ಅಬ್ಬಿ ಧುಮುಕುತ್ತಿತ್ತು. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಕಾಣುತ್ತಿತ್ತು. ಅವನು ಆ ಹೆಜ್ಜೆ ಇಡಲಿಲ್ಲ.

"ಕೂಸಿಗೆ ನೀರು ಬೇಕು," ಅಂದವನೇ ಹಿಂದಕ್ಕೆ ಸರಿದ.

ಮಂಕಾಳಿಗೆ ಹೋದ ಜೀವ ಬಂದ ಹಾಗಾಯಿತು. ಸಂಕಟವೂ ಆಯಿತು. "ಕಡಲಪ್ಪಾ, ಸಿಟ್ಟಾದೆಯಾ?"

"ಇಲ್ಲ. ಇನ್ನೊಮ್ಮೆ ಬರಬಹುದಾ?"

ಉತ್ತರ ಕೊಟ್ಟವಳು ಹಮ್ಮಕ್ಕ. "ಅದಕ್ಕೇನು, ಧಾರಾಳವಾಗಿ ಬನ್ನಿ. ಕಾಲು ತೊಳ್ಕೊಂಡರೆ ಆಯ್ತು."

ಕಡಲರಾಯ ಇಳಿದುಹೋದ. ಅವನ ಹಿಂದೆಯೇ ಹೊಳೆಯಮ್ಮ ಸಿಹಿನೀರು ತಂದು ಊರೂರಿನ ಬಾವಿ, ಗದ್ದೆ ಎಲ್ಲ ತೊಳೆದುಕೊಟ್ಟಳು. ಮಂಕಾಳಿ ಕೂಸನ್ನು ಎತ್ತಿಕೊಂಡು ಮುದ್ದಾಡಿದಳು. ಮರುದಿನ ಒಬ್ಬಳೇ ತಿರುವು ದಾಟಿ ಹೋಗಿ ಅಬ್ಬಿಯನ್ನು ಕಣ್ತುಂಬ ನೋಡಿದಳು. ಕಡಲಪ್ಪನಿಗೆ ಹೇಳಬೇಕಲ್ಲ! ಅಬ್ಬಿಯೂ ಸಂಗತಿ ಕೇಳಿ ದನಿ ಏರಿಸಿತು. ಕಾಣದವನಿಗೆ ಕೇಳಲಾದರೂ ಕೇಳಲಿ ಅಂತ.

ಅಂದಿನಿಂದ ಕಡಲರಾಯ ದಿನಕ್ಕೆ ಎರಡು ಸಲ ಹೊಳೆ ಹತ್ತಿ ಬರುತ್ತಾನೆ. ದೊಡ್ಡವರು ಅದನ್ನು ಭರತ, ಉಬ್ಬರ ಅನ್ನುತ್ತಾರೆ. ಬರುತ್ತಾನೆ, ಹೊಳೆಯ ಸಿಹಿನೀರು ಸಿಕ್ಕುವಲ್ಲಿ ನಿಲ್ಲುತ್ತಾನೆ, ಕಾಲು ತೊಳೆಯುತ್ತಾನೆ, ಉಪ್ಪು ಹೋಗಿಲ್ಲ ಅಂತ ತಿಳಿದು ಇಳಿದುಹೋಗುತ್ತಾನೆ. ಹೊಳೆಯ ನಡುವೆ ತೇಲುವ ಬಿಳೀ ನೊರೆ ಇದೆಯಲ್ಲ, ಅದು ಅವನು ಕಾಲು ತೊಳೆದ ನೀರು.

ಇನ್ನೊಂದು ಮಾತು. ಹಮ್ಮಕ್ಕನ ಚೆಂಬನ್ನು ಕಡಲರಾಯ ಮರೆಯಲಿಲ್ಲ. ಅದಕ್ಕೇ ಇವತ್ತಿಗೂ ನೀನು ಕಡಲ ದಡದಲ್ಲಿ ನಿಂತರೆ, ಅವನು ಓಡೋಡಿ ಬಂದು ಮೊದಲು ನಿನ್ನ ಕಾಲು ತೊಳೆಯುತ್ತಾನೆ, ಆಮೇಲೆ ಅಬ್ಬಿ ನೋಡಿ ಬಂದೆಯಾ ಅಂತ ಕೇಳಿ, ನೀನು ಹೇಳುವ ತನಕ ಹೋಗುತ್ತಾನೆ, ಬರುತ್ತಾನೆ, ಹೋಗುತ್ತಾನೆ, ಬರುತ್ತಾನೆ.