ಹತ್ತು ಸಾವಿರದ ಒಂದು ಹಣತೆ

ಅದು ಎಂದಿನಂಥದೇ ಒಂದು ಬುಧವಾರ. ಹಾಲಗೆರೆಯ ದೊರೆ ಬಿಚ್ಚಪ್ಪನಾಯಕರು ಎಣ್ಣೆನೀರು ಹಾಕಿಸಿಕೊಂಡು, ಎಲೆಯಡಿಕೆ ಮೆಲ್ಲುತ್ತಾ ಆಸ್ಥಾನದಲ್ಲಿ ಕೂತಿದ್ದರು. ಕುಂಬಾರಗೇರಿಯಲ್ಲಿ ಗಿರಿಯಮ್ಮ ಮಣ್ಣು ತುಳಿಯುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಆ ಕೇರಿಯನ್ನು ಕೆಡವುವ ಅಪ್ಪಣೆ ಹೊರಟಿತು.

ಕಾರಣ ಒಂದು ಸಂಖ್ಯೆ.

"ನಮ್ಮ ವರ್ಧಂತಿಗೆ ಹತ್ತು ಸಾವಿರ ಹಣತೆ ಹಚ್ಚಬೇಕು. ಶುಭಕ್ಕೆ ಮೇಲೊಂದು," ಎಂದಿದ್ದರು ದೊರೆ.

ಆಸ್ಥಾನದ ಜೋಯಿಸ ವೆಂಕಣ್ಣನವರು ಭಾಗಿಸಿ ನೋಡಿ ಕಣ್ಣರಳಿಸಿದರು. "ಮಹಾಪ್ರಭು, ಇದು ಯಾವುದರಿಂದಲೂ ಒಡೆಯದ ಸಂಖ್ಯೆ. ಎರಡು ಸಾಲು ಮಾಡಿ, ಹತ್ತು ಸಾಲು ಮಾಡಿ, ಹಣತೆ ಮಿಗುತ್ತದೆ. ಸಾಲು ಕುಂಟಿದರೆ ಅಶುಭ."

"ಥೇಟ್ ನಮ್ಮ ಹಾಗೆ. ನಮ್ಮನ್ನು ಮುರಿಯುವವರು ಹುಟ್ಟಿದ್ದಾರೆಯೇ?" ದೊರೆ ಮೀಸೆ ತಿರುವಿದರು. "ಹಾಗಾದರೆ ಒಂದೇ ಸಾಲು ಇಡಿ. ಅರಮನೆಯ ಬಾಗಿಲಿಂದ ನೇರವಾಗಿ."

ನೇರವಾಗಿ ಹೋದರೆ ಕುಂಬಾರಗೇರಿ.

ಗಿರಿಯಮ್ಮ ವಿದೂಷಕ ಮಾಚಯ್ಯನ ಮನೆಗೆ ಬಂದಳು. "ಅಯ್ಯಾ, ಹಣತೆ ಮಾಡೋರು ನಾವು. ನಮ್ಮ ಮನೆ ಕೆಡವಿ ಅಲ್ಲೇ ಹಣತೆ ಇಡ್ತಾರಂತೆ. ಅವರ ಸಂಖ್ಯೆ ಒಡೆಯಲ್ಲ ಅಂತ ನಮ್ಮ ಗೋಡೆ ಒಡೀಬೇಕಾ?"

"ಒಡೆಯಲ್ಲ ಅಂದದ್ದು ಜೋಯಿಸರು. ಸಂಖ್ಯೆ ಏನೂ ಹೇಳಿಲ್ಲವಲ್ಲ," ಎಂದ ಮಾಚಯ್ಯ. ಜಗಲಿಯ ಮೇಲೆ ಮರಳು ಹರಡಿಕೊಂಡು ಲೆಕ್ಕಕ್ಕೆ ಕೂತ.

ಮರುದಿನ ಆಸ್ಥಾನದಲ್ಲಿ ಕೇಳಿದ: "ಜೋಯಿಸರೇ, ಎಲ್ಲಿಯವರೆಗೆ ಭಾಗಿಸಿ ನೋಡಿದಿರಿ?"

"ಅರವತ್ತರವರೆಗೆ. ಸಂವತ್ಸರಗಳು ಇರುವುದೇ ಅರವತ್ತು. ಕೊನೆಯ ಅಕ್ಷಯ ಮುಗಿದರೆ ಮತ್ತೆ ಮೊದಲಿನ ಪ್ರಭವ. ಅದರಾಚೆ ಹೊಸ ಎಣಿಕೆ ಎಲ್ಲಿದೆ?"

"ಅಂದರೆ ಅರವತ್ತು ದಾಟಿದ್ದೆಲ್ಲ ಮತ್ತೆ ಒಂದರಿಂದ?"

"ಶಾಸ್ತ್ರ ಹಾಗೇ ಇದೆ."

ಮಾಚಯ್ಯ ಸಿಂಹಾಸನದ ಕಡೆ ತಿರುಗಿ ಕೈಮುಗಿದ. "ಹಾಗಾದರೆ ಬುದ್ಧಿ, ಈ ವರ್ಧಂತಿಗೆ ತಮಗೆ ಹದಿಮೂರು ತುಂಬುತ್ತದೆ. ಎಲೆಯಡಿಕೆ ಉಗುಳಿಬಿಡಿ, ಚಿಕ್ಕವರಿಗೆ ನಾಲಿಗೆ ದಪ್ಪವಾಗುತ್ತದೆ. ಮೀಸೆಯ ವಿಚಾರ ಆಮೇಲೆ ನೋಡೋಣ."

ದೊರೆಯ ಮುಖ ಕೆಂಪಾಯಿತು. "ಎಲವೋ, ನಮಗೆ ತುಂಬುವುದು ಎಪ್ಪತ್ತಮೂರು. ಅರವತ್ತರಾಚೆಯ ಒಂದೊಂದು ವರ್ಷವನ್ನೂ ಮಂಡಿನೋವಿನ ಸಮೇತ ಬದುಕಿದ್ದೇವೆ. ಅದು ಲೆಕ್ಕಕ್ಕಿಲ್ಲ ಅನ್ನುವವನು ಯಾರು?"

"ಜೋಯಿಸರು."

ದೊರೆ ಜೋಯಿಸರನ್ನು ನೋಡಿದರು. ಜೋಯಿಸರು ನೆಲ ನೋಡಿದರು.

"ಲೆಕ್ಕಕ್ಕಿದೆ ಎಂದಾದರೆ, ಆ ಎಪ್ಪತ್ತಮೂರರಿಂದಲೂ ಒಮ್ಮೆ ಭಾಗಿಸಲಿ ಬುದ್ಧಿ," ಎಂದ ಮಾಚಯ್ಯ.

ಜೋಯಿಸರು ಭಾಗಿಸಿದರು. ಅಳಿಸಿ ಮತ್ತೆ ಭಾಗಿಸಿದರು. "ನೂರಾ ಮೂವತ್ತೇಳು..."

"ಶೇಷ?" ಎಂದರು ದೊರೆ.

"ಸೊನ್ನೆ."

ಎಪ್ಪತ್ತಮೂರು ಸಾಲು, ಸಾಲಿಗೆ ನೂರಾ ಮೂವತ್ತೇಳು ಹಣತೆ. ಅದಕ್ಕೆ ಅರಮನೆಯ ಮುಂದಿನ ಬಯಲೇ ಸಾಕಾಗಿತ್ತು.

"ಇದು ನಿನಗೆ ಹೇಗೆ ಹೊಳೆಯಿತೋ?"

"ಜೋಯಿಸರು ನಿಂತ ಜಾಗದಿಂದ ಹದಿಮೂರು ಹೆಜ್ಜೆ ಮುಂದೆ ಹೋದೆ ಬುದ್ಧಿ. ಅಲ್ಲಿ ತಾವು ಕೂತಿದ್ದಿರಿ."

ದೊರೆ ಕೆಮ್ಮು ಬರುವಷ್ಟು ನಕ್ಕು, ಹೆಗಲ ಶಾಲು ತೆಗೆದು ಮಾಚಯ್ಯನಿಗೆ ಹೊದಿಸಿದರು.

ಆ ಸಂಜೆ ಕುಂಬಾರಗೇರಿಯಲ್ಲಿ ಹಣತೆ ಸುಡಲು ಆವಿಗೆಗೆ ಬೆಂಕಿ ಹಾಕಿದರು.